ಅಜ್ಜನ ಪದಕದ ಕೆಳಗೆ ಏನು ಬರೆಯಬೇಕು?

ತೊಗರಿಹೊಲ (ಕಲಬುರಗಿ), ಪ್ರಶ್ನೆ:

ಕಲಬುರಗಿಯ ಒಂದು ಪದವಿ ಕಾಲೇಜಿನಲ್ಲಿ ನಾನು ಇತಿಹಾಸ ಪಾಠ ಹೇಳುತ್ತೇನೆ. ಎರಡನೆಯ ಮಹಾಯುದ್ಧ ಮುಗಿದು 80 ವರ್ಷ ಕಳೆದ ನೆಪದಲ್ಲಿ, ಮನೆಗಳಲ್ಲಿ ಉಳಿದಿರುವ ಆ ಕಾಲದ ವಸ್ತುಗಳನ್ನು ತಂದು ಒಂದು ಚಿಕ್ಕ ಪ್ರದರ್ಶನ ಮಾಡಬೇಕೆಂದು ವಿದ್ಯಾರ್ಥಿಗಳು ಹೊರಟಿದ್ದಾರೆ. ನಾನೂ ನಮ್ಮ ಮನೆಯ ಹಳೆಯ ಟ್ರಂಕಿನಿಂದ ಅಜ್ಜನ ಪದಕಗಳನ್ನು ಹೊರತೆಗೆದೆ. ಅಜ್ಜ ಆಳಂದ ತಾಲ್ಲೂಕಿನ ಗಡಿಯಂಚಿನ ಹಳ್ಳಿಯವರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ತಹಶೀಲಿನಲ್ಲಿ ಉರ್ದು ಮಾತಾಡಿ ಬೆಳೆದವರು. ನಿಜಾಮರ ಪ್ರಜೆಯಾಗಿದ್ದೂ ಸೊಲ್ಲಾಪುರಕ್ಕೆ ಹೋಗಿ ಬ್ರಿಟಿಷರ ಸೈನ್ಯಕ್ಕೆ ಭರ್ತಿಯಾಗಿ, ಬೆಳಗಾವಿಯಲ್ಲಿ ತರಬೇತಿ ಪಡೆದು, ಮರಾಠಾ ಲಘು ಪದಾತಿ ದಳದೊಂದಿಗೆ ಇಟಲಿಯಲ್ಲಿ ಕಾದಾಡಿ ಬಂದರು. ಜೊತೆಗೆ ಹೋಗಿದ್ದ ಅವರ ಚಿಕ್ಕಪ್ಪನ ಮಗ ಮರಳಲಿಲ್ಲ. ಆ ವರ್ಷ ಬರ ಬಿದ್ದಿತ್ತು, ಸೈನ್ಯದಲ್ಲಿ ಎರಡು ಹೊತ್ತು ಊಟ ಸಿಗುತ್ತಿತ್ತು ಎಂಬುದಕ್ಕಿಂತ ಹೆಚ್ಚಿನ ಕಾರಣವನ್ನು ಅಜ್ಜ ಎಂದೂ ಹೇಳಿದವರಲ್ಲ.

ಪದಕದ ಕೆಳಗೆ ನಾಲ್ಕು ಸಾಲಿನ ಒಂದು ಚೀಟಿ ಅಂಟಿಸಬೇಕು. ತೊಡಕು ಇಲ್ಲಿಂದಲೇ ಶುರುವಾಯಿತು. ಒಬ್ಬ ವಿದ್ಯಾರ್ಥಿನಿ "ಫ್ಯಾಸಿಸಂ ವಿರುದ್ಧ ಪ್ರಾಣವನ್ನೇ ಪಣಕ್ಕಿಟ್ಟ ವೀರಯೋಧ" ಎಂದು ಬರೆದು ತಂದಳು. ಇನ್ನೊಬ್ಬ, ಅವರು ಬ್ರಿಟಿಷರ ಸಂಬಳದಾಳು, ಅದರಲ್ಲಿ ತ್ಯಾಗವೇನು ಬಂತು ಎಂದು ವಾದಿಸಿದ. ಮೂರನೆಯವನ ಮಾತು ನನ್ನನ್ನು ಕಂಗೆಡಿಸಿತು: "ಹಿಟ್ಲರ್ ದೇಶಭಕ್ತ, ಶಿಸ್ತಿನ ಮನುಷ್ಯ ಅಲ್ಲವೇ ಮೇಡಂ, ಅವನ ವಿರುದ್ಧ ಹೋದದ್ದರಲ್ಲಿ ಹೆಮ್ಮೆಯೇನು?" ಹುಡುಗ ಕೆಟ್ಟವನಲ್ಲ. ಅವನ ಫೋನಿನಲ್ಲಿ ಅಂಥ ವಿಡಿಯೊಗಳು ಬರುತ್ತವೆ, ಸೂಪರ್ ಮಾರ್ಕೆಟ್ ಹತ್ತಿರದ ಪಾದಚಾರಿ ದಾರಿಯಲ್ಲಿ ಹಿಟ್ಲರನ ಆತ್ಮಕಥೆ ವ್ಯಕ್ತಿತ್ವ ವಿಕಸನದ ಪುಸ್ತಕಗಳ ಪಕ್ಕದಲ್ಲೇ ಮಾರಾಟಕ್ಕಿರುತ್ತದೆ. ಅತ್ತ ಜರ್ಮನಿಯಲ್ಲಿ 2025ರ ಫೆಬ್ರವರಿ ಚುನಾವಣೆಯಲ್ಲಿ ತೀವ್ರ ಬಲಪಂಥದ ಎಎಫ್‌ಡಿ ಪಕ್ಷವು ಶೇ. 20.8 ಮತ ಪಡೆದು ಎರಡನೆಯ ಸ್ಥಾನಕ್ಕೆ ಬಂದಿದೆ. ಇಂಥ ಹೊತ್ತಿನಲ್ಲಿ, ಸುಳ್ಳನ್ನೂ ಸೇರಿಸದೆ, ಸತ್ತವರನ್ನು ಸಣ್ಣವರನ್ನಾಗಿಯೂ ಮಾಡದೆ, ಆ ಚೀಟಿಯಲ್ಲಿ ಏನು ಬರೆಯುವುದು ಸರಿ?

ಬಿದರಿಕುಸುರಿ (ಬೀದರ್), ಉತ್ತರ:

ಮೊದಲು ಪದಕಗಳ ವಿಷಯ. ಕೆಂಪು, ಬಿಳಿ, ಹಸಿರು ಪಟ್ಟೆಗಳ ರಿಬ್ಬನ್ ಇರುವುದು ಇಟಲಿ ಸ್ಟಾರ್; 1943ರ ಜೂನ್ 11ರಿಂದ 1945ರ ಮೇ 8ರ ನಡುವೆ ಆ ರಣರಂಗದಲ್ಲಿದ್ದವರಿಗೆ ಕೊಟ್ಟದ್ದು. ಅದರ ಹಿಂಬದಿಯನ್ನು ನೋಡಿ. ಬ್ರಿಟಿಷ್ ಸೈನಿಕರಿಗೆ ಈ ನಕ್ಷತ್ರ ಪದಕಗಳನ್ನು ಹೆಸರಿಲ್ಲದೆ ಹಂಚಿದರು, ಭಾರತೀಯ ಸೈನಿಕರ ಪದಕಗಳ ಮೇಲಾದರೆ ಸಂಖ್ಯೆ, ಹುದ್ದೆ, ಹೆಸರನ್ನು ಅಚ್ಚೊತ್ತಿದ್ದರು. ಸವೆದಿದ್ದರೂ ಓರೆಯಾಗಿ ಬೆಳಕು ಹಾಯಿಸಿದರೆ ಓದಬಹುದು. ಬ್ರಾಸೋ ಹಚ್ಚಿ ಉಜ್ಜಬೇಡಿ, ದಯವಿಟ್ಟು.

ಅಜ್ಜನ ಮರಾಠಾ ದಳದ ಒಂದನೆಯ ಪಟಾಲಂ ಎಂಟನೆಯ ಭಾರತೀಯ ಡಿವಿಷನ್ನಿನಲ್ಲೂ ಮೂರನೆಯದು ಹತ್ತನೆಯ ಡಿವಿಷನ್ನಿನಲ್ಲೂ ಇದ್ದವು. ಮೂರನೆಯ ಪಟಾಲಂನ ನಾಯಕ್ ಯಶವಂತ ಘಾಡಗೆ 1944ರ ಜುಲೈ 10ರಂದು ಟೈಬರ್ ನದಿಯ ಮೇಲ್ಕಣಿವೆಯಲ್ಲಿ, ತನ್ನ ತುಕಡಿಯವರೆಲ್ಲ ಸತ್ತು ಅಥವಾ ಗಾಯಗೊಂಡು ಬಿದ್ದ ಮೇಲೆ ಒಬ್ಬನೇ ಮುನ್ನುಗ್ಗಿ ಮೆಷಿನ್ ಗನ್ ಠಾಣೆಯನ್ನು ಹಿಡಿದು ಅಲ್ಲೇ ಮಡಿದ. ಅವನಿಗೆ ವಿಕ್ಟೋರಿಯಾ ಕ್ರಾಸ್ ಸಂದಿತು. 2023ರಲ್ಲಿ ಇಟಲಿಯ ಮೊಂತೋನೆ ಊರಿನವರು ಅವನ ಹೆಸರಿನಲ್ಲಿ ಒಂದು ನೆರಳುಗಡಿಯಾರದ ಸ್ಮಾರಕ ಕಟ್ಟಿದ್ದಾರೆ. ಅಜ್ಜ ಯಾವ ಪಟಾಲಂನವರೆಂದು ಗೊತ್ತಾದರೆ ನಿಮ್ಮ ಚೀಟಿಗೆ ಊರು, ನದಿ, ತಿಂಗಳು ಎಲ್ಲವೂ ಸಿಗುತ್ತವೆ.

ಇನ್ನು ಏನು ಬರೆಯಬೇಕೆಂಬುದು. ನಮ್ಮ ನಾಡಿನಲ್ಲಿ ಸಾವಿರ ವರ್ಷದಿಂದ ಈ ಪ್ರಶ್ನೆಗೆ ಉತ್ತರ ಊರ ಬಾಗಿಲಲ್ಲೇ ನಿಂತಿದೆ. ವೀರಗಲ್ಲುಗಳ ಶಾಸನಗಳನ್ನು ಓದಿದವರಿಗೆ ಗೊತ್ತು, ಸುಮ್ಮನೆ "ಶೂರನು ಸತ್ತನು" ಎಂದು ನಿಲ್ಲಿಸುವುದು ಅವುಗಳ ರೂಢಿಯಲ್ಲ. ತುರುಗೊಳ್ ಎಂದರೆ ದನ ಹೊಡೆದುಕೊಂಡು ಹೋದವರ ಬೆನ್ನಟ್ಟಿ ಸತ್ತದ್ದು, ಊರಳಿವು ಎಂದರೆ ಊರಿನ ಮೇಲೆ ಬಿದ್ದವರನ್ನು ತಡೆದು ಸತ್ತದ್ದು, ಪೆಣ್ಬುಯ್ಯಲ್ ಎಂದರೆ ಹೆಣ್ಣುಮಕ್ಕಳ ಮೇಲೆ ಕೈಮಾಡಿದವರೊಡನೆ ಕಾದಿ ಸತ್ತದ್ದು. ಆತಕೂರಿನ ಕಲ್ಲು ಕಾಳಿ ಎಂಬ ನಾಯಿಯನ್ನು ನೆನೆಯುವಾಗಲೂ ಅದು ಹಂದಿಯೊಡನೆ ಕಾದಾಡಿ ಸತ್ತಿತೆಂದು ಬಿಡಿಸಿ ಹೇಳುತ್ತದೆ. ಯಾರೊಡನೆ, ಯಾತಕ್ಕೆ ಎಂಬುದು ಬಿಟ್ಟುಹೋದರೆ ಆ ಕಲ್ಲನ್ನು ದನ ಕದ್ದವನ ಮಕ್ಕಳೂ ತಮ್ಮದೆಂದು ಪೂಜಿಸಬಹುದು. ನಿಮ್ಮ ಚೀಟಿಯಲ್ಲಿ "ಶೌರ್ಯ" ಎಂಬ ಪದ ಇರಲೇಬೇಕೆಂದಿಲ್ಲ, ಎದುರಿಗಿದ್ದವರು ಯಾರು, ಅವರು ಏನು ಮಾಡುತ್ತಿದ್ದರು ಎಂಬುದು ಇರಲೇಬೇಕು.

ಭೀಮಾತೀರ (ಯಾದಗಿರಿ, ಸದ್ಯ ಎರ್ಫುರ್ಟ್), ಉತ್ತರ:

ನಾನು ಶಹಾಪುರದ ಕಡೆಯವನು, ಕೆಲಸದ ನಿಮಿತ್ತ ಜರ್ಮನಿಯ ಥ್ಯುರಿಂಗಿಯಾ ರಾಜ್ಯದಲ್ಲಿದ್ದೇನೆ. 2024ರ ಸೆಪ್ಟೆಂಬರಿನಲ್ಲಿ ಈ ರಾಜ್ಯದ ವಿಧಾನಸಭೆಗೆ ನಡೆದ ಚುನಾವಣೆಯಲ್ಲಿ ಎಎಫ್‌ಡಿ ಶೇ. 32.8 ಮತಗಳೊಂದಿಗೆ ಮೊದಲ ಸ್ಥಾನ ಪಡೆಯಿತು; ಯುದ್ಧಾನಂತರದ ಜರ್ಮನಿಯಲ್ಲಿ ತೀವ್ರ ಬಲಪಂಥದ ಪಕ್ಷವೊಂದು ಯಾವುದಾದರೂ ರಾಜ್ಯದಲ್ಲಿ ಮೊದಲು ಬಂದದ್ದು ಅದೇ ಮೊದಲು. ಇಲ್ಲಿಂದ ಕಾಲು ಗಂಟೆ ರೈಲಿನಲ್ಲಿ ಕುಳಿತರೆ ವೈಮಾರ್ ಬರುತ್ತದೆ, ಅದರ ಪಕ್ಕದ ಗುಡ್ಡದ ಮೇಲೆ ನಾಜಿಗಳ ಬುಖೆನ್‌ವಾಲ್ಡ್ ಸೆರೆಶಿಬಿರದ ಜಾಗವಿದೆ. ಅಲ್ಲಿ ಸುಮಾರು 56,000 ಜನ ಸತ್ತರು.

ಬಿದರಿಕುಸುರಿಯವರು ಹೇಳಿದ್ದು ಇಲ್ಲಿ ಕಣ್ಣೆದುರೇ ನಡೆಯುತ್ತಿದೆ. ಈ ಪಕ್ಷದ ನಾಯಕ ಅಲೆಕ್ಸಾಂಡರ್ ಗೌಲಾಂಡ್ 2017ರಲ್ಲಿ, ಎರಡು ಮಹಾಯುದ್ಧಗಳಲ್ಲಿ ಜರ್ಮನ್ ಸೈನಿಕರು ತೋರಿದ ಸಾಧನೆಯ ಬಗ್ಗೆ ಹೆಮ್ಮೆಪಡುವ ಹಕ್ಕು ನಮಗಿದೆ ಎಂಬರ್ಥದ ಮಾತಾಡಿದರು. ಮರುವರ್ಷ, ಜರ್ಮನಿಯ ಸಾವಿರ ವರ್ಷದ ಯಶಸ್ವಿ ಇತಿಹಾಸದಲ್ಲಿ ಹಿಟ್ಲರನ ಕಾಲವು ಹಕ್ಕಿಯ ಹಿಕ್ಕೆಯಷ್ಟು ಎಂದರು. ಈ ರಾಜ್ಯದ ಅವರ ನಾಯಕ ಬ್ಯೋರ್ನ್ ಹ್ಯೋಕೆ, ನಾಜಿ ಕಾಲವನ್ನು ನೆನೆಯುವ ನೀತಿಯನ್ನು 180 ಡಿಗ್ರಿ ತಿರುಗಿಸಬೇಕು ಎಂದವರು. ನಾಜಿಗಳ ನಿಷೇಧಿತ ಘೋಷಣೆಯೊಂದನ್ನು ಬಳಸಿದ್ದಕ್ಕೆ 2024ರಲ್ಲಿ ನ್ಯಾಯಾಲಯ ಅವರಿಗೆ ದಂಡ ವಿಧಿಸಿತು. ಯುದ್ಧದ ನೆನಪನ್ನು ಅಳಿಸಿಬಿಡಿ ಎಂದು ಅವರಲ್ಲಿ ಯಾರೂ ಕೇಳುತ್ತಿಲ್ಲ ಎಂಬುದನ್ನು ಗಮನಿಸಿ. ಸೈನಿಕನೂ ಅವನ ಧೈರ್ಯವೂ ಉಳಿಯಲಿ, ಆ ಧೈರ್ಯ ಯಾವ ಕೆಲಸಕ್ಕೆ ಸಂದಿತೆಂಬ ಲೆಕ್ಕ ಮಾತ್ರ ಬೇಡ ಎನ್ನುತ್ತಾರೆ.

ನಿಮ್ಮ ಅಜ್ಜ ಇದ್ದ ಇಟಲಿಯದೇ ಒಂದು ಉದಾಹರಣೆ. 1944ರ ಮಾರ್ಚ್ 24ರಂದು ರೋಮಿನ ಹೊರವಲಯದ ಅರ್ದೆಯಾತೀನೆ ಗುಹೆಗಳಲ್ಲಿ ಜರ್ಮನ್ ಪಡೆ 335 ಜನರನ್ನು ಗುಂಡಿಟ್ಟು ಕೊಂದಿತು. ಪ್ರಧಾನಿ ಜಾರ್ಜಾ ಮೆಲೋನಿ 2023ರ ಸ್ಮರಣೆಯ ದಿನ, ಅವರು ಇಟಲಿಯವರೆಂಬ ಒಂದೇ ಕಾರಣಕ್ಕೆ ಸತ್ತರು ಎಂದರು. ಸತ್ತವರಲ್ಲಿ ಫ್ಯಾಸಿಸ್ಟ್ ವಿರೋಧಿಗಳೂ ಸುಮಾರು 75 ಮಂದಿ ಯಹೂದಿಗಳೂ ಇದ್ದರು, ಕೊಲ್ಲಬೇಕಾದವರ ಪಟ್ಟಿಗೆ ಹೆಸರು ಪೂರೈಸುವುದರಲ್ಲಿ ರೋಮಿನ ಫ್ಯಾಸಿಸ್ಟ್ ಪೊಲೀಸ್ ಮುಖ್ಯಸ್ಥನ ಕೈಯೂ ಇತ್ತು. ಹಾರ ಹಾಕಿದ್ದು, ತಲೆ ಬಾಗಿಸಿದ್ದು ಎಲ್ಲ ಸರಿಯಾಗಿಯೇ ಇತ್ತು, ಒಂದು ವಾಕ್ಯದಲ್ಲಿ ಕಾರಣ ಮಾತ್ರ ಬದಲಾಯಿತು.

ಜರ್ಮನಿಯ ಹಲವು ಊರುಗಳ ಬೀದಿಗಳಲ್ಲಿ, ನಾಜಿಗಳಿಗೆ ಬಲಿಯಾದವರು ವಾಸವಾಗಿದ್ದ ಮನೆಗಳೆದುರು, ಕಲಾವಿದ ಗುಂಟರ್ ಡೆಮ್ನಿಗ್ ಆರಂಭಿಸಿದ ಯೋಜನೆಯ ಹಿತ್ತಾಳೆ ಮುಖದ ಚಿಕ್ಕ ಕಲ್ಲುಗಳನ್ನು ನೆಟ್ಟಿದ್ದಾರೆ. ಆ ಯೋಜನೆಯ 1,00,000ನೆಯ ಕಲ್ಲನ್ನು 2023ರಲ್ಲಿ ನ್ಯೂರೆಂಬರ್ಗಿನಲ್ಲಿ ನೆಟ್ಟರು. ಕಲ್ಲಿನ ಮೇಲಿರುವುದು ಇಷ್ಟೇ: "ಇಲ್ಲಿ ವಾಸವಾಗಿದ್ದರು", ಹೆಸರು, ಹುಟ್ಟಿದ ವರ್ಷ, ಎಳೆದೊಯ್ದ ದಿನ, ಕೊಂದ ಸ್ಥಳ. ವಿಶೇಷಣವೇ ಇಲ್ಲ. ನಿಮ್ಮ ಚೀಟಿಗೆ ಅದಕ್ಕಿಂತ ಒಳ್ಳೆಯ ಮಾದರಿ ನನಗೆ ಕಂಡಿಲ್ಲ.

ಕೋಟೆಬಾಗಿಲು (ಬೀದರ್), ಉತ್ತರ:

ಒಂದು ಸಣ್ಣ ಸೇರ್ಪಡೆ. 2009ರಲ್ಲಿ ಬ್ರಿಟನ್ನಿನ ತೀವ್ರ ಬಲಪಂಥದ ಬಿಎನ್‌ಪಿ ಪಕ್ಷವು ವಲಸಿಗರ ವಿರುದ್ಧದ ತನ್ನ ಪ್ರಚಾರಕ್ಕೆ ಸ್ಪಿಟ್‌ಫೈರ್ ವಿಮಾನದ ಚಿತ್ರ ಬಳಸಿತು. ಅದು ಪೋಲೆಂಡಿನ ಹಾರಾಟಗಾರರಿದ್ದ 303ನೆಯ ಸ್ಕ್ವಾಡ್ರನ್ನಿನ ವಿಮಾನವೆಂದು ಆಮೇಲೆ ಬಯಲಾಗಿ ನಗೆಪಾಟಲಾಯಿತು. ಅದೇ 1940ರ ಬ್ರಿಟನ್ ಆಕಾಶಯುದ್ಧದಲ್ಲಿ 152ನೆಯ ಸ್ಕ್ವಾಡ್ರನ್ ಕೂಡ ಸ್ಪಿಟ್‌ಫೈರ್ ಹಾರಿಸಿತು, 253ನೆಯದು ಹರಿಕೇನ್ ಹಾರಿಸಿತು. ಎರಡರ ಹೆಸರಿನಲ್ಲೂ "ಹೈದರಾಬಾದ್" ಎಂದಿದೆ, ಏಕೆಂದರೆ ಹಣ ಕೊಟ್ಟವರು ನಿಜಾಮರು. 152ರ ಲಾಂಛನದಲ್ಲಿ ನಿಜಾಮರ ಶಿರಸ್ತ್ರಾಣವೇ ಇದೆ. ಆ ಹಣ ಎಲ್ಲಿಂದ ಬಂತೆಂದು ಬೀದರ್, ಗುಲ್ಬರ್ಗಾ ಜಿಲ್ಲೆಗಳ ರೈತರನ್ನು ಯಾರೂ ಕೇಳಿರಲಾರರು. ನಮ್ಮೂರ ವಾಯುನೆಲೆಯ ಮೇಲೆ ವಾಯುಸೇನೆಯ ಸೂರ್ಯಕಿರಣ ತಂಡದ ವಿಮಾನಗಳು ತಿರುಗುವಾಗ ಮಕ್ಕಳಿಗೆ ನಾನು ಈ ಕಥೆ ಹೇಳುವುದುಂಟು.

ಕಲ್ಯಾಣದ ಹಾದಿ (ಬಸವಕಲ್ಯಾಣ), ಉತ್ತರ:

ಮೇಲಿನ ಎಲ್ಲವನ್ನೂ ಒಪ್ಪುತ್ತೇನೆ, ಆದರೂ ಒಂದು ಅಸಮಾಧಾನ ಹೇಳಿಬಿಡುತ್ತೇನೆ. ಯುರೋಪಿನವರ ಅರ್ಧ ನೆನಪನ್ನು ಇಷ್ಟು ಸ್ಪಷ್ಟವಾಗಿ ಕಾಣುವ ನಾವು ಮನೆಯಂಗಳವನ್ನು ನೋಡಬೇಡವೇ?

ಪಕ್ಕದ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ನಿಜಾಮರ ಪರದ ಸಶಸ್ತ್ರ ಗುಂಪಾದ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ನಮ್ಮ ತಾಲ್ಲೂಕಿನಲ್ಲಿ ಯಾರೂ ಮರೆತಿಲ್ಲ, ಮರೆಯಬಾರದು. ಈಗ ಅಲ್ಲಿ ದೊಡ್ಡ ಸ್ಮಾರಕವೂ ಎದ್ದಿದೆ. ಅದೇ ವರ್ಷದ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ, ನಿಜಾಮರ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಸೇನಾ ಕಾರ್ಯಾಚರಣೆಯ ನಂತರ ಏನಾಯಿತೆಂದು ನೋಡಲು ಕೇಂದ್ರ ಸರ್ಕಾರವೇ ಪಂಡಿತ ಸುಂದರಲಾಲರ ಸಮಿತಿಯನ್ನು ಕಳಿಸಿತ್ತು. ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತಿರಬಹುದೆಂದೂ, ಅವರಲ್ಲಿ ಬಹುಪಾಲು ಮುಸ್ಲಿಮರೆಂದೂ, ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್ ಎಂದೂ ಆ ಸಮಿತಿ ಬರೆಯಿತು. ವರದಿ ದಶಕಗಳ ಕಾಲ ಬೀರುವಿನಲ್ಲೇ ಉಳಿಯಿತು. ಪ್ರತಿ ಸೆಪ್ಟೆಂಬರ್ 17ಕ್ಕೆ ನಾವು ಧ್ವಜ ಹಾರಿಸುವಾಗ ಒಂದು ಸಾವಿನ ಸಾಲು ಕೇಳಿಸುತ್ತದೆ, ಇನ್ನೊಂದು ಕೇಳಿಸುವುದಿಲ್ಲ. ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಿ ಎನ್ನುತ್ತಿಲ್ಲ. ಒಂದನ್ನು ಮುಚ್ಚಿಟ್ಟಷ್ಟೂ ಇನ್ನೊಂದು ಸೇಡಿನ ಸಾಮಗ್ರಿಯಾಗುತ್ತದೆ, ತೀವ್ರ ಬಲಪಂಥಕ್ಕೆ ಬೇಕಾದದ್ದು ಅದೇ.

ಎರಡನೆಯ ಹುಡುಗನ ಮಾತನ್ನೂ ತಳ್ಳಿಹಾಕಬೇಡಿ. 1939ರಲ್ಲಿ ವೈಸರಾಯ್ ಭಾರತೀಯರನ್ನು ಒಂದು ಮಾತೂ ಕೇಳದೆ ದೇಶವನ್ನು ಯುದ್ಧಕ್ಕೆ ಸೇರಿಸಿದ. ಸೈನ್ಯಕ್ಕೆ ಸೇರಿದವರು ಸುಮಾರು 25 ಲಕ್ಷ, ಸತ್ತವರು ಸುಮಾರು 87,000. ನಿಮ್ಮ ಅಜ್ಜ ಸಮವಸ್ತ್ರದಲ್ಲಿದ್ದ 1943ರಲ್ಲೇ ಬಂಗಾಳದ ಕ್ಷಾಮಕ್ಕೆ ಸುಮಾರು 30 ಲಕ್ಷ ಜನ ಬಲಿಯಾದರು. ಇನ್ನು ನಮ್ಮವರು ಎದುರು ಪಾಳೆಯದಲ್ಲೂ ಇದ್ದರು: ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಭಾರತೀಯರಿಂದ ಜರ್ಮನಿಯಲ್ಲಿ ಕಟ್ಟಿದ ದಳವನ್ನು 1944ರಲ್ಲಿ ನಾಜಿ ಪಕ್ಷದ ಸಶಸ್ತ್ರ ಪಡೆಯಾದ ಎಸ್‌ಎಸ್‌ಗೆ ಸೇರಿಸಲಾಯಿತು. ಆ ದಳ ಕಟ್ಟುವಲ್ಲಿ ಸುಭಾಷರ ಜೊತೆಗಿದ್ದ, ಆಮೇಲೆ ಜಲಾಂತರ್ಗಾಮಿಯಲ್ಲಿ ಅವರೊಡನೆ ಪೂರ್ವಕ್ಕೆ ಹೊರಟ ಆಬಿದ್ ಹಸನ್ ನಮ್ಮದೇ ಸಂಸ್ಥಾನದ ಹೈದರಾಬಾದಿನವರು. ಹಿಟ್ಲರನನ್ನು ಮೆಚ್ಚುವ ಹುಡುಗ ನಾಳೆ ಈ ಪ್ರಶ್ನೆಯನ್ನೇ ಎತ್ತಬಹುದು, ಸಿದ್ಧರಾಗಿರಿ. ಸ್ವಾತಂತ್ರ್ಯದ ಹಂಬಲದಿಂದ ಆ ಬಾಗಿಲು ತಟ್ಟಿದವರಿದ್ದರು ಎಂಬುದರಿಂದ ಆ ಮನೆಯೊಳಗೆ ನಡೆದದ್ದು ಬದಲಾಗುವುದಿಲ್ಲ ಎಂದಷ್ಟೇ ನಾನಾದರೆ ಹೇಳುತ್ತೇನೆ.

ತೊಗರಿಹೊಲ (ಕಲಬುರಗಿ):

ಎಲ್ಲರಿಗೂ ಕೃತಜ್ಞತೆಗಳು. ಪದಕದ ಹಿಂಬದಿಯಲ್ಲಿ ಸಂಖ್ಯೆಯೂ ಹೆಸರೂ ಇವೆ. ಇಷ್ಟು ವರ್ಷ ನಾವು ಯಾರೂ ಅದನ್ನು ತಿರುಗಿಸಿ ನೋಡಿರಲಿಲ್ಲ. "ವೀರಯೋಧ" ಎಂಬ ಪದವನ್ನು ಬರೆದ ಹುಡುಗಿಯೇ ಹೊಡೆದುಹಾಕಿದಳು. ಚೀಟಿ ಸದ್ಯಕ್ಕೆ ಹೀಗಿದೆ:

"ಆಳಂದ ತಾಲ್ಲೂಕಿನ ರೈತನ ಮಗ. ಬರಗಾಲದ ವರ್ಷ ಸೈನ್ಯ ಸೇರಿದರು. ಅವರನ್ನು ಯುದ್ಧಕ್ಕೆ ಕಳಿಸಿದ ಸರ್ಕಾರವನ್ನು ಅವರು ಆರಿಸಿರಲಿಲ್ಲ. ಇಟಲಿಯಲ್ಲಿ ಜರ್ಮನ್ ಸೇನೆಯ ಎದುರು ಕಾದಿದರು. 1944ರ ಶರತ್ಕಾಲದಲ್ಲಿ ಆ ಸೇನೆಯ ಜೊತೆಗಿದ್ದ ಎಸ್‌ಎಸ್ ಪಡೆ ಮಾರ್ಜಾಬೊತ್ತೊ ಸುತ್ತಿನ ಹಳ್ಳಿಗಳಲ್ಲಿ ಸುಮಾರು 770 ಜನರನ್ನು, ಮಕ್ಕಳನ್ನೂ ಬಿಡದೆ, ಕೊಂದಿತ್ತು. ಇವರು ಊರಿಗೆ ಮರಳಿದರು. ಜೊತೆಗೆ ಹೋದ ಚಿಕ್ಕಪ್ಪನ ಮಗ ಮರಳಲಿಲ್ಲ."

ನಾಲ್ಕು ಸಾಲು ಮೀರಿತು, ಇರಲಿ. ಕಲ್ಯಾಣದ ಹಾದಿಯವರ ಮಾತಿನ ಮೇಲೆ ತರಗತಿಯಲ್ಲಿ ಎರಡು ದಿನ ಚರ್ಚೆ ನಡೆಯಿತು, ಇನ್ನೂ ಮುಗಿದಿಲ್ಲ. ಸೆಪ್ಟೆಂಬರಿನಲ್ಲಿ 1948ರ ಬಗ್ಗೆ ಬೇರೆಯೇ ಒಂದು ಕಾರ್ಯಕ್ರಮ ಮಾಡುವ ಯೋಚನೆಯಿದೆ, ಅನುಮತಿ ಸಿಕ್ಕರೆ. ಮರಳದ ಆ ಚಿಕ್ಕಜ್ಜನ ಹೆಸರನ್ನು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಜಾಲತಾಣದಲ್ಲಿ ಹುಡುಕುವ ಕೆಲಸವನ್ನು, ಹಿಟ್ಲರನ ಪ್ರಶ್ನೆ ಕೇಳಿದ್ದನಲ್ಲ, ಆ ಹುಡುಗನಿಗೇ ವಹಿಸಿದ್ದೇನೆ. ಕನ್ನಡದ ಹೆಸರನ್ನು ಮರಾಠಿ ಗುಮಾಸ್ತ ಬರೆದು ಇಂಗ್ಲಿಷ್ ಅಧಿಕಾರಿ ನಕಲು ಮಾಡಿಕೊಂಡಿರುವುದರಿಂದ ಕಾಗುಣಿತ ಹೇಗಿದೆಯೋ ಹೇಳಲಾಗದು. ನಿನ್ನೆ ಸಂಜೆಯ ಹೊತ್ತಿಗೆ ಅವನು ಆರು ಬಗೆಯಲ್ಲಿ ಬರೆದು ನೋಡಿದ್ದ. ಇಟಲಿಯ ಕಸ್ಸೀನೊ ಸ್ಮಾರಕದ ಪಟ್ಟಿ ಮುಗಿಸಿ ಈಗ ಫೋರ್ಲಿಯದನ್ನು ತೆರೆದುಕೊಂಡಿದ್ದಾನೆ.