ಪೈನ್ ಶಂಕುವಿಗೆ ಪರಾಗ ಬಿದ್ದು ವರ್ಷವಾದರೂ ಬೀಜ ಯಾಕಿಲ್ಲ?

ಹಸಿರುಗಣ್ಣು:
ಪೈನ್ ಕೊಂಬೆಯೊಂದರಲ್ಲಿ ಮೂರು ಥರದ ಹೆಣ್ಣು ಶಂಕುಗಳಿವೆ. ತುದಿಯಲ್ಲಿ ಪುಟ್ಟ ಕೆಂಪು ಶಂಕು, ಅದರ ಕೆಳಗೆ ಬಿಗಿಯಾಗಿ ಮುಚ್ಚಿದ ಹಸಿರು ಶಂಕು, ಇನ್ನೂ ಕೆಳಗೆ ಬಾಯ್ಬಿಟ್ಟ ಕಂದು ಶಂಕು. ಹಸಿರಿನದನ್ನು ವಸಂತದಲ್ಲಿ ಸೀಳಿದರೆ ಒಳಗೆ ಮೆತ್ತನೆಯ ಅಂಡಕಗಳಿವೆ (ಮುಂದೆ ಬೀಜವಾಗುವ ಭಾಗ), ಭ್ರೂಣ ಇಲ್ಲ. ಅದಕ್ಕೆ ಹೋದ ವರ್ಷವೇ ಪರಾಗ ಬಿದ್ದಿರಬೇಕಲ್ಲವೇ? ಪರಾಗಸ್ಪರ್ಶ ವಿಫಲವಾಯಿತೇ?
ಇನ್ನೆರಡು ಪ್ರಶ್ನೆ. ಶಂಕುವನ್ನು ಪೈನ್ ಮರದ ‘ಹೂವು’ ಎನ್ನಬಹುದೇ? ಪರಾಗ ಮೊಳೆಯುವುದನ್ನು ಸ್ಲೈಡ್ ಮೇಲೆ ನೋಡುವುದು ಹೇಗೆ? ಸಕ್ಕರೆ ನೀರಿಗೆ ಹಾಕಿದ ದಾಸವಾಳದ ಪರಾಗ ಪಟಪಟ ಒಡೆದುಹೋಗುತ್ತಿದೆ.

ಸೂಜಿಎಲೆ:
ವಿಫಲವಾಗಿಲ್ಲ. ಪರಾಗ ಸಿಗದ ಎಳೆ ಶಂಕುಗಳನ್ನು ಪೈನ್ ಸಾಮಾನ್ಯವಾಗಿ ಮೊದಲ ವರ್ಷವೇ ಉದುರಿಸಿಬಿಡುತ್ತದೆ. ನಿಮ್ಮದು ಕೊಂಬೆಯಲ್ಲೇ ಉಳಿದು ಬೆಳೆದಿದೆ ಎಂದರೆ ಪರಾಗ ಒಳಗೆ ಹೋಗಿದೆ.

ಗೊಂದಲ ಆಗುತ್ತಿರುವುದು ಪರಾಗಸ್ಪರ್ಶವನ್ನೂ ನಿಷೇಚನವನ್ನೂ (ಗಂಡುಕೋಶ ಅಂಡಕೋಶದೊಡನೆ ಸೇರುವುದು) ಒಂದೇ ಎಂದುಕೊಂಡಿದ್ದರಿಂದ. ಪರಾಗ ಬೀಳುವ ಹೊತ್ತಿಗೆ ಪೈನ್ ಅಂಡಕದೊಳಗೆ ಅಂಡಕೋಶ ಇನ್ನೂ ಹುಟ್ಟಿಯೇ ಇರುವುದಿಲ್ಲ. ಅಂಡಕದ ಬಾಯಲ್ಲಿ ಒಂದು ಅಂಟು ಹನಿ ಮೂಡುತ್ತದೆ. ಗಾಳಿಯಲ್ಲಿ ಬಂದ ಪರಾಗ ಅದಕ್ಕೆ ಸಿಕ್ಕಿ ಒಳಸೇರುತ್ತದೆ. ಪರಾಗಕ್ಕಿರುವ ಎರಡು ಗಾಳಿಚೀಲಗಳು ಹಾರುವುದಕ್ಕಷ್ಟೇ ಎಂದು ಬರೆಯುವವರಿದ್ದಾರೆ, ಅದು ಅರ್ಧ ಸತ್ಯ. ಅಂಡಕದ ಬಾಯಿ ಕೆಳಮುಖವಾಗಿರುತ್ತದೆ, ಹನಿಯೊಳಗೆ ಪರಾಗ ಮೇಲಕ್ಕೆ ತೇಲಿ ಒಳಹೋಗಲು ಆ ಚೀಲಗಳೇ ಬೇಕು.

ಆಮೇಲೆ ಪೊರೆಗಳು ಮುಚ್ಚಿಕೊಳ್ಳುತ್ತವೆ, ಪರಾಗನಾಳ ಸ್ವಲ್ಪ ದೂರ ಬೆಳೆದು ಚಳಿಗಾಲ ಪೂರ್ತಿ ನಿಂತುಬಿಡುತ್ತದೆ. ಅಂಡಕೋಶ ತಯಾರಾಗುವುದು ಮುಂದಿನ ವಸಂತದಲ್ಲಿ. ಆಗ ನಾಳ ಮತ್ತೆ ಬೆಳೆದು ಅದನ್ನು ಮುಟ್ಟುತ್ತದೆ. ಬಹುತೇಕ ಪೈನ್‌ಗಳಲ್ಲಿ ಈ ಅಂತರ ಸುಮಾರು 12ರಿಂದ 14 ತಿಂಗಳು. ಬೀಜ ಬಲಿಯುವುದು ಅದೇ ವರ್ಷದ ಶರತ್ಕಾಲಕ್ಕೆ. ನೀವು ಸೀಳಿದ್ದು ನಿಷೇಚನಕ್ಕೆ ಸ್ವಲ್ಪ ಮುಂಚಿನ ಶಂಕು. ಇದನ್ನೇ ಎಲ್ಲ ಶಂಕುಮರಗಳಿಗೂ ಹಚ್ಚಬೇಡಿ. ಸ್ಪ್ರೂಸ್, ಫರ್ ಮರಗಳು ಪರಾಗ ಬಿದ್ದ ವರ್ಷವೇ ಬೀಜ ಮುಗಿಸುತ್ತವೆ.

ಮುಂದಿನ ಸಲ ಶಂಕುವನ್ನು ಸೀಳಬೇಡಿ, ನಡುಭಾಗದ ಶಲ್ಕಗಳನ್ನು (ಶಂಕುವಿನ ಚಿಪ್ಪುಗಳನ್ನು) ಒಂದೊಂದಾಗಿ ಬಿಡಿಸಿ. ಶಲ್ಕದ ಮೇಲ್ಮೈಯಲ್ಲಿ, ದಿಂಡಿನ ಕಡೆಗೆ, ಎರಡು ಅಂಡಕ ಇರುತ್ತವೆ. ಬುಡದ ಮತ್ತು ತುದಿಯ ಶಲ್ಕಗಳು ಬಂಜೆ, ಅವುಗಳಲ್ಲಿ ಹುಡುಕಿದರೆ ಏನೂ ಸಿಗದು. ಬ್ಲೇಡಿಗೆ ಮೆತ್ತಿದ ರಾಳ ಸ್ಪಿರಿಟ್‌ನಲ್ಲಿ ಒರೆಸಿದರೆ ಹೋಗುತ್ತದೆ.

ಕೇಸರ_ಶಲಾಕೆ:
ಶಂಕು ಹೂವೇ ಎಂಬ ಪ್ರಶ್ನೆಗೆ: ಗಂಡು ಶಂಕುವಿಗೆ ಒಂದು ಉತ್ತರ, ಹೆಣ್ಣಿಗೆ ಇನ್ನೊಂದು. ಗಂಡು ಶಂಕು ಸರಳ. ಒಂದು ದಿಂಡು, ಅದರ ಮೇಲೆ ನೇರವಾಗಿ ಪರಾಗಚೀಲ ಹೊತ್ತ ಎಲೆಗಳು. ಹೆಣ್ಣು ಶಂಕುವಿನಲ್ಲಿ ಪ್ರತಿ ಶಲ್ಕದ ಕೆಳಗೂ ಒಂದು ತೆಳ್ಳನೆಯ ಉಪಪತ್ರ, ಅಂದರೆ ರೂಪ ಬದಲಿಸಿದ ಪುಟ್ಟ ಎಲೆ, ಇರುತ್ತದೆ, ಎಳೆ ಶಂಕುವಿನಲ್ಲಿ ಸೂಜಿಯಿಂದ ಎತ್ತಿದರೆ ಕಾಣುತ್ತದೆ. ಎಲೆಯ ಕಂಕುಳಲ್ಲಿ ಹುಟ್ಟುವುದು ರೆಂಬೆ. ಆದ್ದರಿಂದ ಪ್ರತಿ ಶಲ್ಕವೂ ಕುಗ್ಗಿದ ಒಂದು ಪುಟ್ಟ ರೆಂಬೆ. ಸ್ವೀಡನ್ನಿನ ಸಸ್ಯವಿಜ್ಞಾನಿ ರುಡಾಲ್ಫ್ ಫ್ಲೋರಿನ್ ಪಳೆಯುಳಿಕೆಗಳನ್ನು ಹೋಲಿಸಿ ಇದನ್ನು ತೋರಿಸಿದರು. ಹಾಗಾಗಿ ಹೆಣ್ಣು ಶಂಕುವನ್ನು ಹೋಲಿಸುವುದಾದರೆ ಹೂವಿಗಲ್ಲ, ಹೂಗೊಂಚಲಿಗೆ.

ಹೂವಿನ ನಿಜವಾದ ಗುರುತು ದಳವಲ್ಲ, ಮುಚ್ಚಿದ ಅಂಡಾಶಯ. ಅಲ್ಲಿ ಪರಾಗ ಅಂಡಕವನ್ನು ನೇರವಾಗಿ ಮುಟ್ಟುವುದಿಲ್ಲ, ಶಲಾಕಾಗ್ರದ (ಹೂವಿನ ಹೆಣ್ಣುಭಾಗದ ತುದಿ) ಮೇಲೆ ಬಿದ್ದು ನಾಳ ಇಳಿಸಬೇಕು. ಮೆಕ್ಕೆಜೋಳದ ರೇಷ್ಮೆಯೆಳೆಯಲ್ಲಿ 20–30 ಸೆಂ.ಮೀ. ದಾರಿಯನ್ನು ನಾಳ ಸುಮಾರು ಒಂದು ದಿನದಲ್ಲಿ ಇಳಿಯುತ್ತದೆ. ಪೈನ್ ನಾಳ ಮಿಲಿಮೀಟರ್ ಲೆಕ್ಕದ ದಾರಿಗೆ ವರ್ಷ ಹಿಡಿಯುತ್ತದೆ!

ಇನ್ನೊಂದು ವ್ಯತ್ಯಾಸ ಊಟದ್ದು. ಹೂಗಿಡದಲ್ಲಿ ಒಂದು ಗಂಡುಕೋಶ ಅಂಡದೊಡನೆ ಸೇರುತ್ತದೆ, ಇನ್ನೊಂದು ಅಂಡಕದೊಳಗಿನ ಭ್ರೂಣಚೀಲದ ನಡುವಿನ ಎರಡು ಕೋಶಕೇಂದ್ರಗಳೊಡನೆ ಸೇರಿ ಸಾಮಾನ್ಯವಾಗಿ ತ್ರಿಗುಣಿತ (ಮೂರು ಪ್ರತಿ ವರ್ಣತಂತುಗಳಿರುವ) ಭ್ರೂಣಾಹಾರ ಆಗುತ್ತದೆ. 1898ರಲ್ಲಿ ರಷ್ಯಾದ ಸಸ್ಯವಿಜ್ಞಾನಿ ನವಾಷಿನ್ ಲಿಲ್ಲಿ ಜಾತಿಯ ಗಿಡಗಳಲ್ಲಿ ಇದನ್ನು ಕಂಡರು. ಪೈನ್ ಬೀಜದ ಆಹಾರ ಏಕಗುಣಿತ (ಒಂದೇ ಪ್ರತಿ ವರ್ಣತಂತು), ನಿಷೇಚನಕ್ಕೆ ಮೊದಲೇ ಕೂಡಲು ಶುರುವಾಗಿರುತ್ತದೆ. ನೀವು ನೋಡಿದ ಮೆತ್ತನೆಯ ಭಾಗದಲ್ಲಿ ಅದೂ ಇತ್ತು.

ಸ್ಲೈಡ್_ಹನಿ:
ದಾಸವಾಳ ಬಿಡಿ. ಪರಾಗ ದೊಡ್ಡದು, ಮುಳ್ಳುಮುಳ್ಳಾಗಿ ಚೆಂದ ಕಾಣುತ್ತದೆ, ಆದರೆ ಮೊಳೆಯುವುದರಲ್ಲಿ ಹಠಮಾರಿ. ಕರ್ಣಕುಂಡಲ ಅಥವಾ ನಿತ್ಯಪುಷ್ಪದಿಂದ ಶುರುಮಾಡಿ. ಸೂರ್ಯಕಾಂತಿ, ಸಾಸಿವೆ, ಹುಲ್ಲು ಜಾತಿಗಳೂ ಬೇಡ. ಅವುಗಳ ಪರಾಗ ಮೂರು ಕೋಶದ ಹಂತದಲ್ಲಿ ಉದುರುತ್ತದೆ, ಸ್ಲೈಡ್ ಮೇಲೆ ಮೊಳೆಸುವುದು ಕಷ್ಟ.

ದ್ರಾವಣ, 100 ಮಿ.ಲೀ. ಬಟ್ಟಿ ಇಳಿಸಿದ ನೀರಿಗೆ: ಸಕ್ಕರೆ 10 ಗ್ರಾಂ, ಬೋರಿಕ್ ಆಮ್ಲ 10 ಮಿ.ಗ್ರಾಂ, ಕ್ಯಾಲ್ಸಿಯಂ ನೈಟ್ರೇಟ್ 30, ಮೆಗ್ನೀಷಿಯಂ ಸಲ್ಫೇಟ್ 20, ಪೊಟ್ಯಾಸಿಯಂ ನೈಟ್ರೇಟ್ 10 ಮಿ.ಗ್ರಾಂ. ಆಗಷ್ಟೇ ಅರಳಿದ ಹೂವಿನ ಪರಾಗಕೋಶವನ್ನು ಒಂದು ಹನಿಗೆ ತಟ್ಟಿ. ಸ್ಲೈಡನ್ನು ಒದ್ದೆ ಕಾಗದ ಹಾಸಿದ ಮುಚ್ಚಿದ ತಟ್ಟೆಯಲ್ಲಿ 25 ಡಿಗ್ರಿ ಆಸುಪಾಸಿನಲ್ಲಿಡಿ. ಕರ್ಣಕುಂಡಲದಲ್ಲಿ ಅರ್ಧ ಗಂಟೆಯೊಳಗೆ ನಾಳ ಕಾಣಬೇಕು.

ಒಡೆಯುತ್ತಿದ್ದರೆ ಸಕ್ಕರೆ ಕಡಿಮೆ, 15 ಗ್ರಾಂಗೆ ಏರಿಸಿ. ಸುಕ್ಕುಗಟ್ಟಿದರೆ ಹೆಚ್ಚಾಗಿದೆ, ಇಲ್ಲವೇ ಹನಿ ಒಣಗುತ್ತಿದೆ. ಕವರ್‌ಸ್ಲಿಪ್ ಮೊದಲೇ ಮುಚ್ಚಬೇಡಿ, ಗಾಳಿ ಸಾಲದೆ ಸುಮ್ಮನಾಗುತ್ತವೆ. ಹನಿಯಲ್ಲಿ ನಾಲ್ಕೈದೇ ಪರಾಗ ಇದ್ದರೂ ಮೊಳೆಯುವುದು ಕಡಿಮೆ. ಗುಂಪಿನಲ್ಲಿ ಚೆನ್ನಾಗಿ ಮೊಳೆಯುತ್ತವೆ, ಆ ಕೊರತೆ ತುಂಬುವುದು ಕ್ಯಾಲ್ಸಿಯಂ. ಅದನ್ನು ಬಿಟ್ಟು ಬರೀ ಸಕ್ಕರೆ ನೀರು ಮಾಡಿದರೆ ಫಲಿತಾಂಶ ದಿನಕ್ಕೊಂದು ಥರ ಬರುತ್ತದೆ. ಎಣಿಸುವಾಗ ನಾಳ ಪರಾಗದ ವ್ಯಾಸದಷ್ಟಾದರೂ ಉದ್ದವಿದ್ದರೆ ಮಾತ್ರ ಮೊಳೆತದ್ದು ಎನ್ನಿ.

ಹಸಿರುಗಣ್ಣು:
ಧನ್ಯವಾದ. ಇದೇ ದ್ರಾವಣದಲ್ಲಿ ಪೈನ್ ಪರಾಗವೂ ಮೊಳೆಯುತ್ತದೆಯೇ?

ಸ್ಲೈಡ್_ಹನಿ:
ಮೊಳೆಯುತ್ತದೆ, ಆದರೆ ಅರ್ಧ ಗಂಟೆಗೆ ಇಣುಕಬೇಡಿ. ಎರಡು ಮೂರು ದಿನ ಬೇಕು. ಅಷ್ಟರಲ್ಲಿ ಬೂಷ್ಟು ಹಿಡಿಯುವುದೇ ದೊಡ್ಡ ಕಾಟ, ನೀರು ಮತ್ತು ಪಾತ್ರೆ ಕುದಿಸಿಕೊಳ್ಳಿ. ನಾಳ ಮೊಂಡಾಗಿ, ಗಿಡ್ಡವಾಗಿ ಬರುತ್ತದೆ. ಗಾಳಿಚೀಲಗಳ ನಡುವಿನಿಂದ ಹೊರಡುವುದನ್ನು ಗಮನಿಸಿ, ಚೀಲವನ್ನೇ ನಾಳ ಎಂದು ಎಣಿಸುವ ತಪ್ಪು ಎಲ್ಲರೂ ಒಮ್ಮೆ ಮಾಡುತ್ತಾರೆ.