'ಫಿಡ್ಯೂಷಿಯರಿ'ಗೆ 'ಪಟ್ಟೆದಾರ' ಅಂದರೆ ಆದೀತೇ?

ನಮಸ್ಕಾರ. ಮಡಿಕೇರಿಯಲ್ಲಿ ಕಾಗದಪತ್ರ ಅನುವಾದ ಮಾಡುವ ಕೆಲಸ ನನ್ನದು. ಒಂದು ಒಕ್ಕದವರು, ಅಂದರೆ ಕೊಡವ ಮನೆತನದವರು, ತಮ್ಮ ಐನ್‌ಮನೆಗೆ (ಮನೆತನದ ಮೂಲ ಮನೆ) ಟ್ರಸ್ಟ್ ಮಾಡುತ್ತಿದ್ದಾರೆ. ಕರಡಿನಲ್ಲಿ ಸಾಲು ಬಿಟ್ಟು ಸಾಲಿಗೆ 'ಫಿಡ್ಯೂಷಿಯರಿ' ಬರುತ್ತದೆ, ಅಂದರೆ ಇನ್ನೊಬ್ಬರು ನಂಬಿ ಒಪ್ಪಿಸಿದ್ದನ್ನು ಅವರ ಒಳಿತಿಗಾಗಿಯೇ ನೋಡಿಕೊಳ್ಳಲು ಕಾನೂನಿನಂತೆ ಕಟ್ಟುಬಿದ್ದವರು. ಮೂರು ದಿನದಿಂದ ಅಲ್ಲೇ ಸಿಕ್ಕಿಕೊಂಡಿದ್ದೇನೆ.

'ಧರ್ಮದರ್ಶಿ' ಟ್ರಸ್ಟಿಗೆ ಸರಿ. ಆದರೆ ಕಂಪನಿಯ ಡೈರೆಕ್ಟರೂ ಫಿಡ್ಯೂಷಿಯರಿಯೇ. ಅವರನ್ನು ಧರ್ಮದರ್ಶಿ ಅಂದರೆ ನಗುತ್ತಾರೆ. 2023ರ ಡಿಜಿಟಲ್ ಡೇಟಾ ಕಾನೂನಿನಲ್ಲಂತೂ ನಮ್ಮ ಮಾಹಿತಿ ಇಟ್ಟುಕೊಂಡ ಆ್ಯಪ್ ಕಂಪನಿಗೂ ಇದೇ ಹೆಸರು! 'ನಂಬಿಕಸ್ಥ' ಗುಣ ಹೇಳುತ್ತದೆ, ಕಟ್ಟುಪಾಡು ಹೇಳುವುದಿಲ್ಲ. ನಂಬಿಕಸ್ಥನಲ್ಲದವನೂ ಆ ಜಾಗದಲ್ಲಿ ಕೂತಿರಬಹುದು, ಅಲ್ವಾ?

ಕೊನೆಗೆ ಆ ಮನೆಯ ಪಟ್ಟೆದಾರರ ಹತ್ತಿರ ಕೂತೆ. ತಲೆಮಾರಿನಿಂದ ಬಂದ ಜಮ್ಮಾ ಜಮೀನು ಅವರ ಹೆಸರಲ್ಲಿದೆ, ಹಕ್ಕು ಒಕ್ಕದ ಎಲ್ಲರದ್ದು. ಕಳೆದ ವರ್ಷ ತೋಟದ ಸಿಲ್ವರ್ ಓಕ್ ಮರ ಮಾರುವ ಮಾತು ಬಂದಿತ್ತಂತೆ. ಬೆಂಗಳೂರಲ್ಲಿರುವವರಿಗೆ ದುಡ್ಡು ಈಗಲೇ ಬೇಕು. ಊರಲ್ಲಿರುವವರಿಗೆ ಕರಿಮೆಣಸಿನ ಬಳ್ಳಿ ಹಬ್ಬಿದ ಮರ ಕಡಿಯುವುದು ಬೇಡ. ಸಾಲದ್ದಕ್ಕೆ ಮರ ಕೊಳ್ಳಲು ಬಂದವರು ಪಟ್ಟೆದಾರರ ಭಾವನೇ.

"ಅವರು ನನ್ನ ನೆಂಟರು ಅಂತ ಮೊದಲೇ ಹೇಳಿಬಿಟ್ಟೆ. ಇನ್ನಿಬ್ಬರ ರೇಟೂ ತರಿಸಿ, ಮೂರನ್ನೂ ಜಗಲಿಯಲ್ಲಿ ಓದಿಸಿದೆ," ಅಂದರು. ಬಳ್ಳಿ ಇಲ್ಲದ ಮರ ಮಾತ್ರ ಹೋಯಿತು. ಯಾವ ಮರ, ಎಷ್ಟು ದುಡ್ಡು ಅಂತ ಮರಕ್ಕೆ ಹಾಕಿದ ನಂಬರಿನ ಸಮೇತ ಪುಸ್ತಕದಲ್ಲಿದೆ.

1882ರ ಟ್ರಸ್ಟ್ ಕಾಯ್ದೆಯ 15ನೇ ಸೆಕ್ಷನ್ ಕೇಳುವುದೂ ಇಂಥದ್ದನ್ನೇ: ಸಾಧಾರಣ ತಿಳಿವಳಿಕೆ ಇರುವವನು ಸ್ವಂತ ಆಸ್ತಿಯನ್ನು ನೋಡಿಕೊಳ್ಳುವಷ್ಟು ಜೋಪಾನ. ಫಲ ಪಡೆಯುವವರಲ್ಲಿ ಭೇದ ಮಾಡಬಾರದು ಅನ್ನುವುದು 17ನೆಯದು.

ಇನ್ನೊಂದು ತೊಡಕು 'ಡಿಸ್ಕ್ರಿಷನ್'ಗೆ ಹಾಕುವ 'ವಿವೇಚನೆ'. 'ಟ್ರಸ್ಟಿಯ ವಿವೇಚನೆಗೆ ಬಿಟ್ಟಿದ್ದು' ಅಂತ ಬರೆದರೆ ಜನ 'ಅವರಿಷ್ಟ' ಅಂತ ಓದಿಕೊಳ್ಳುತ್ತಾರೆ. ಕಚೇರಿ ಪತ್ರಗಳು ಆ ಪದವನ್ನು ಅಷ್ಟು ಸವೆಸಿವೆ. ಇಲ್ಲಿ ಬೇಕಿರುವುದು ಎರಡೂ ಕಡೆ ಅಳೆದು ತೀರ್ಮಾನಿಸುವ ಅರ್ಥ. 'ತೂಗಿ ನೋಡಿ' ಅಂತ ಹಾಕಿದ್ದೆ. ವಕೀಲರು "ಅದೇನು ಕಾಫಿ ಮೂಟೆಯಾ?" ಅಂತ ಹೊಡೆದುಹಾಕಿದರು. ನನಗೆ ಈಗಲೂ ಅದೇ ಇಷ್ಟ.

'ಪಟ್ಟೆದಾರ'ದಲ್ಲಿ ಹೆಸರು ಒಬ್ಬರದ್ದು, ಸ್ವತ್ತು ಹಲವರದ್ದು ಅನ್ನುವ ಭಾವ ಇದೆ. ಆದರೆ ಕೊಡಗು ದಾಟಿದರೆ ಯಾರಿಗೆ ಗೊತ್ತಾಗುತ್ತದೆ? ಬರೀ 'ಹೊಣೆಗಾರ' ಅಂದರೆ ಸಾಲಕ್ಕೆ ಜಾಮೀನು ನಿಂತವನು ಅಂದುಕೊಂಡಾರು. ಕರ್ತವ್ಯಕ್ಕೆ ಸದ್ಯ 'ನಂಬುಗೆಯ ಹೊಣೆ' ಅಂತ ಇಟ್ಟಿದ್ದೇನೆ. ಅದನ್ನು ಹೊತ್ತ ವ್ಯಕ್ತಿಗೆ ಏನನ್ನೋಣ? ದೇವಸ್ಥಾನದ ಆಡಳಿತ ನೋಡುವವರಿಗೆ ಹೇಳುವ 'ಮೊಕ್ತೇಸರ' ಪದವನ್ನು ಕರಾವಳಿಯವರು ದೇವಸ್ಥಾನದ ಹೊರಗೂ ಬಳಸುತ್ತೀರಾ?