60 ದಾಟಿದರೆ ಜೀಪು ನಡುಗುತ್ತದೆ: ಕ್ರಾಸ್ ಹೊಸದು, ಬ್ಯಾಲೆನ್ಸಿಂಗ್ ಆಗಿದೆ, ಇನ್ನೇನು?

ಕೆಂಪುಜೀಪು_ಧಾರವಾಡ
ತಲೆ ಕೆಟ್ಟುಹೋಗಿದೆ. ಹಳೆ ಫೋರ್ ವೀಲ್ ಜೀಪು. 60 ದಾಟಿದ ಕೂಡಲೇ ನಡುಕ ಶುರು, 75ಕ್ಕೆ ಜಾಸ್ತಿ. ಕನ್ನಡಿಯಲ್ಲಿ ಹಿಂದಿನ ಲಾರಿ ಎರಡೆರಡು ಕಾಣುತ್ತದೆ. ಗ್ಯಾರೇಜಿನವರು ಹಿಂದಿನ ಶಾಫ್ಟಿನ (ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ತಿರುಗು ಕೊಳವೆ) ಎರಡೂ ತುದಿಯ ಕ್ರಾಸ್, ಅಂದರೆ ಓರೆಯಲ್ಲೂ ತಿರುಗುವ ಕೀಲು, ಬದಲಿಸಿದರು. ವೀಲ್ ಬ್ಯಾಲೆನ್ಸಿಂಗೂ ಆಯ್ತು. ಏನೂ ಫರಕಿಲ್ಲ. ಈಗ ಗೇರ್‌ಬಾಕ್ಸ್ ಇಳಿಸೋಣ ಅಂತಿದ್ದಾರೆ. ಖರ್ಚು ಕೇಳಿ ಊಟ ಸೇರಲಿಲ್ಲ. ಯಾರಿಗಾದರೂ ಹೀಗಾಗಿದೆಯಾ?

ಎರೆಹೊಲ_ನವಲಗುಂದ
ಟೈರ್. ಕಣ್ಣು ಮುಚ್ಚಿ ಹೇಳುತ್ತೇನೆ, ಟೈರ್. ಮಳೆಯಲ್ಲಿ ಹೊಲಕ್ಕೆ ಇಳಿಸಿದ್ರಾ? ರಿಮ್ಮಿನ ಒಳಮೈಗೆ ಎರೆ ಮಣ್ಣು ಮೆತ್ತಿ ಒಣಗಿದರೆ ನೀರು ಹೊಡೆದರೂ ಬಿಡುವುದಿಲ್ಲ. ವೀಲ್ ಬಿಚ್ಚಿ ಕೆರೆದು ತೆಗೆಯಿರಿ.

ಕೆಂಪುಜೀಪು_ಧಾರವಾಡ
ಹೊಲಕ್ಕೆ ಇಳಿಸಿಲ್ಲ ರೀ. ರಿಮ್ಮು ಸ್ವಚ್ಛ ಇವೆ.

ಎರೆಹೊಲ_ನವಲಗುಂದ
ಹಾಗಾದರೆ ಟೈರಿನ ಒಳಗೆ ಬೆಲ್ಟ್ (ತಂತಿಯ ಪದರ) ಬಿಟ್ಟಿದೆ. ಬ್ಯಾಲೆನ್ಸಿಂಗ್ ಸರಿ ತೋರಿಸಿದರೂ ಅದು ಉಳಿದಿರಬಹುದು. ಮುಂದಿನವು ಹಿಂದೆ, ಹಿಂದಿನವು ಮುಂದೆ ಹಾಕಿ ನೋಡಿ.

ಲೇತ್‌ಕೆಲಸ_ಹುಬ್ಬಳ್ಳಿ
ಟೈರು ಬಿಡಿ ಸ್ವಲ್ಪ. ನಡುಕ ಸ್ಟೀರಿಂಗಿಗೆ ಬರುತ್ತದೋ, ಸೀಟಿನ ಕೆಳಗೋ? ಟೈರಿನ ಸುತ್ತಳತೆ 2.2 ಮೀಟರ್ ಅಂದುಕೊಳ್ಳಿ. 60ರಲ್ಲಿ ಚಕ್ರ ಸೆಕೆಂಡಿಗೆ ಏಳೂವರೆ ಸುತ್ತು ಹಾಕುತ್ತದೆ. ಹೌಸಿಂಗ್ (ಹಿಂದಿನ ಆಕ್ಸಲ್ಲಿನ ಗೇರ್ ಇರುವ ಭಾಗ) ರೇಷಿಯೋ 4ರ ಆಸುಪಾಸು ಇದ್ದರೆ, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟ್ ನಾಲ್ಕು ಸುತ್ತು ತಿರುಗಿದರೆ, ಶಾಫ್ಟ್ ಹಾಕುವುದು 30 ಸುತ್ತು. ಚಕ್ರದ ತೊಂದರೆ ದಡದಡ ಕುಣಿಸುತ್ತದೆ. ಶಾಫ್ಟಿನದು ಗುಂಯ್ ಅನ್ನುತ್ತದೆ. ಕನ್ನಡಿ ಮಸುಕಾಗುವುದು ಸಾಮಾನ್ಯವಾಗಿ ಈ ಎರಡನೆಯದಕ್ಕೆ.
ರಸ್ತೆ ಖಾಲಿ ಇದ್ದಾಗ 70ಕ್ಕೆ ಹೋಗಿ ನ್ಯೂಟ್ರಲ್ ಮಾಡಿ. ಇಂಜಿನ್ ಬಂದ್ ಮಾಡಬೇಡಿ ಮತ್ತೆ! ನಡುಕ ಹಾಗೇ ಇದ್ದರೆ ಇಂಜಿನ್, ಕ್ಲಚ್ ಕಡೆ ಕೈ ಹಾಕುವ ಕೆಲಸವಿಲ್ಲ.

ಗುಡ್ಡಸುತ್ತು_ಗದಗ
ಇಷ್ಟೆಲ್ಲ ಲೆಕ್ಕ ಯಾಕೆ? ಹಿಂದಿನ ಶಾಫ್ಟ್ ಬಿಚ್ಚಿ ಇಡಿ. ಮುಂದಿನ ಚಕ್ರದ ಹಬ್ ಲಾಕ್ ಮಾಡಿ, 4ಎಚ್‌ಗೆ (ಮುಂದಿನ ಚಕ್ರಕ್ಕೂ ಶಕ್ತಿ ಕೊಡುವ ಫೋರ್ ವೀಲ್ ಹೈ) ಹಾಕಿ ಓಡಿಸಿ. ನಡುಕ ಹೋದರೆ ಕಳ್ಳ ಹಿಂದೆ ಇದ್ದಾನೆ. ನಾನು ಕಪ್ಪತಗುಡ್ಡದ ಕಡೆಯಿಂದ ಮುಂದಿನ ಶಾಫ್ಟಿನ ಮೇಲೇ ಮನೆಗೆ ಬಂದವನು.

ಘಟ್ಟದಾರಿ_ಕಲಘಟಗಿ
ಡಾಂಬರ್ ಮೇಲೆ 4ಎಚ್ ಹಾಕಿ ಅಂತ ಹೇಳಿಕೊಡ್ತೀರಲ್ಲ! ತಿರುವಿನಲ್ಲಿ ಮುಂದಿನ ಚಕ್ರ ಒಂದು ದೂರ, ಹಿಂದಿನದು ಇನ್ನೊಂದು ದೂರ ಹೋಗುತ್ತವೆ. ಒಣ ರಸ್ತೆಯಲ್ಲಿ ಟ್ರಾನ್ಸ್‌ಫರ್ ಕೇಸ್ (ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ಪೆಟ್ಟಿಗೆ) ಬಿಗಿದುಕೊಳ್ಳುತ್ತದೆ.

ಗುಡ್ಡಸುತ್ತು_ಗದಗ
ಹಿಂದಿನ ಶಾಫ್ಟೇ ಇಲ್ಲ ಅಂದಮೇಲೆ ಬಿಗಿಯುವುದು ಯಾವುದರ ಜೊತೆ? ಓದಿ ಬರೆಯಿರಿ.

ಲೇತ್‌ಕೆಲಸ_ಹುಬ್ಬಳ್ಳಿ
ಗದಗದವರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಕೆಲವು ಹಳೆ ಜೀಪುಗಳಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ಮು ಟ್ರಾನ್ಸ್‌ಫರ್ ಕೇಸಿನ ಹಿಂದೆ ಇರುತ್ತದೆ. ಅಂಥದ್ದರಲ್ಲಿ ಶಾಫ್ಟ್ ಬಿಚ್ಚಿದರೆ ಹ್ಯಾಂಡ್ ಬ್ರೇಕು ಹಿಂದಿನ ಚಕ್ರ ಹಿಡಿಯುವುದಿಲ್ಲ. ಚಕ್ರಕ್ಕೆ ಕಲ್ಲು ಕೊಟ್ಟೇ ಕೆಳಗೆ ಹೋಗಿ.

ಕೆಂಪುಜೀಪು_ಧಾರವಾಡ
ನ್ಯೂಟ್ರಲ್‌ನಲ್ಲೂ ಹಾಗೇ ಇದೆ ಸರ್. ಸೀಟಿನ ಕೆಳಗೇ ಬರುತ್ತದೆ. ಹಿಂದಿನ ಶಾಫ್ಟ್ ಬಿಚ್ಚಿ ರಾಯಾಪುರದ ತನಕ ಹೋದೆ, ನಡುಕವೇ ಇಲ್ಲ. ಆದರೆ ಕ್ರಾಸ್ ಹೊಸದಲ್ವಾ?

ಲೇತ್‌ಕೆಲಸ_ಹುಬ್ಬಳ್ಳಿ
ಗಾಡಿ ಎತ್ತರ ಮಾಡಿಸಿದ್ದೀರಾ?

ಕೆಂಪುಜೀಪು_ಧಾರವಾಡ
ಹಿಂದೆ ಉದ್ದ ಶಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಹಿಡಿಯುವ ಕೊಂಡಿ) ಇದೆ, ಒಂದು ಪಾಟಾ (ಸ್ಪ್ರಿಂಗಿನ ಪಟ್ಟಿ) ಜಾಸ್ತಿ ಇದೆ. ದೀಪಾವಳಿ ಮುಂಚೆ ಹಾಕಿಸಿದ್ದು. ಅದು ಎಲ್ಲರೂ ಹಾಕಿಸುತ್ತಾರಲ್ಲ.

ಘಟ್ಟದಾರಿ_ಕಲಘಟಗಿ
ಅಯ್ಯೋ ದೇವರೇ. ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು.

ಲೇತ್‌ಕೆಲಸ_ಹುಬ್ಬಳ್ಳಿ
ಕ್ರಾಸ್ ಓರೆಯಾಗಿ ತಿರುಗಿದರೆ ಪ್ರತಿ ಸುತ್ತಿಗೆ ಎರಡು ಸಲ ವೇಗ ಏರಿ ಇಳಿಯುತ್ತದೆ. ಆ ಏರಿಳಿತವನ್ನು ಇನ್ನೊಂದು ತುದಿಯ ಕ್ರಾಸ್ ಅಳಿಸಬೇಕು. ಅದಕ್ಕೆ ಎರಡೂ ತುದಿಯ ಓರೆ ಸಮ ಇರಬೇಕು. ಶಾಫ್ಟಿನ ಎರಡೂ ಯೋಕಿನ (ಕ್ರಾಸ್ ಹಿಡಿಯುವ ಕವಲು) ಕಿವಿಗಳು ಒಂದೇ ಸಾಲಿಗೆ ಬರಬೇಕು. ಶಕಲ್ ಉದ್ದ ಆದಾಗ ಹೌಸಿಂಗ್ ತಿರುಗಿ ಪಿನಿಯನ್ನಿನ (ಶಾಫ್ಟ್ ಬಂದು ಸೇರುವ ಗೇರು) ಓರೆ ಬದಲಾಗಿದೆ. ಕ್ರಾಸ್ ಹಾಕುವಾಗ ಶಾಫ್ಟನ್ನು ಅದರ ಜಾರುವ ಜಾಯಿಂಟಿನಲ್ಲಿ ಎರಡಾಗಿ ಬಿಡಿಸಿದ್ದರೆ ಹಲ್ಲು ತಪ್ಪಿಸಿ ಕೂರಿಸಿರಲೂಬಹುದು. ಆ ಜಾಯಿಂಟಿನ ಮೇಲೆ ಎರಡು ಬಾಣದ ಗುರುತು ಇರುತ್ತವೆ, ಎದುರುಬದುರು ಇವೆಯಾ ನೋಡಿ. ಓರೆ ಅಳೆಯುವಾಗ ಗಾಡಿ ತನ್ನ ಚಕ್ರದ ಮೇಲೆ ನಿಂತಿರಲಿ, ಜಾಕ್ ಮೇಲೆ ಬೇಡ.

ಕೆಂಪುಜೀಪು_ಧಾರವಾಡ
ಗ್ರೀಸ್ ಒರೆಸಿದ ಮೇಲೆ ಬಾಣ ಕಂಡವು. ಒಂದು ಮೇಲೆ ನೋಡುತ್ತಿದೆ, ಇನ್ನೊಂದು ಪಕ್ಕಕ್ಕೆ! ಬಿಚ್ಚಿ ಕೂಡಿಸಿ ಹಾಕಿದೆ. 60ರ ನಡುಕ ಹೋಯ್ತು. 75ಕ್ಕೆ ಇನ್ನೂ ಸಣ್ಣಗೆ ಗುಂಯ್ ಇದೆ. ಫೋನಿನಲ್ಲಿ ಅಳೆದರೆ ಮೇಲಿನ ಕ್ರಾಸಿಗೆ 6 ಡಿಗ್ರಿ, ಕೆಳಗಿನದಕ್ಕೆ 2. ಗ್ಯಾರೇಜಿಗೆ ಹೇಳಿದರೆ ಬಾಣಗೀಣ ಏನೂ ಇಲ್ಲ, ಗೇರ್‌ಬಾಕ್ಸೇ ಅಂತಾರೆ.

ಎರೆಹೊಲ_ನವಲಗುಂದ
ಆ ಗುಂಯ್ ಟೈರಿನದು ನೋಡಿ. ಒಮ್ಮೆ ಬದಲಿಸಿ ನೋಡಿದರೆ ಕಳೆದುಕೊಳ್ಳುವುದೇನಿದೆ?

ಲೇತ್‌ಕೆಲಸ_ಹುಬ್ಬಳ್ಳಿ
ಪಾಟಾಕ್ಕೂ ಹೌಸಿಂಗಿಗೂ ನಡುವೆ ಬೆಣೆ ಹಾಕಿಸಿ ಎರಡೂ ಓರೆ ಸಮ ಮಾಡಿ. ದಪ್ಪ ಕಡೆ ಮುಂದೋ ಹಿಂದೋ ಅನ್ನುವುದನ್ನು ಅಳೆದೇ ತೀರ್ಮಾನಿಸಿ. ಇಲ್ಲವೇ ಹಳೆ ಶಕಲ್ ವಾಪಸ್ ಹಾಕಿ. ಅದು ಪುಕ್ಕಟೆ.

ಗುಡ್ಡಸುತ್ತು_ಗದಗ
ನನ್ನದು ನಾಲ್ಕಿಂಚು ಎತ್ತರ, ಮುಂದೆ ವಿಂಚ್, ಮೇಲೆ ಲೈಟ್ ಬಾರ್. ಒಂದು ಚೂರೂ ನಡುಕವಿಲ್ಲ. ಫೋಟೋ ಹಾಕಲಾ?

ಘಟ್ಟದಾರಿ_ಕಲಘಟಗಿ
ನಿಮ್ಮದು 60 ದಾಟಿದರೆ ತಾನೇ ನಡುಗೋದು.

ಕೆಂಪುಜೀಪು_ಧಾರವಾಡ
ಶಕಲ್ ತೆಗೆಯಲ್ಲ, ಗಾಡಿಯ ಗತ್ತೇ ಹೋಗುತ್ತದೆ. ಬೆಣೆ ಅಲ್ಯೂಮಿನಿಯಂದು ನಡೆಯುತ್ತದಾ?

ಲೇತ್‌ಕೆಲಸ_ಹುಬ್ಬಳ್ಳಿ
ಬೇಡ, ಗುಂಡಿ ರಸ್ತೆಯಲ್ಲಿ ಒಡೆದುಹೋಗುತ್ತದೆ. ಉಕ್ಕಿನದೇ ಮಾಡಿಸಿ. ಪಾಟಾದ ಸೆಂಟರ್ ಬೋಲ್ಟು ಸ್ವಲ್ಪ ಉದ್ದದ್ದು ಬೇಕಾಗುತ್ತದೆ, ಅದನ್ನೂ ಮೊದಲೇ ತಂದಿಟ್ಟುಕೊಳ್ಳಿ. ಪಾಟಾವನ್ನು ಹೌಸಿಂಗಿಗೆ ಹಿಡಿಯುವ ಯು ಬೋಲ್ಟು ನೂರು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿಸಿ.